ಕೊಂಡಿ ಕಾಣದ ಜಾಣತನ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ನೆಲ್ಲಿಯ ಫಸಲು ಏಕೆ ಕುಗ್ಗಿತು ಎಂಬ ಪ್ರಶ್ನೆಗೆ ಅಲ್ಲಿನ ಆದಿವಾಸಿಗಳಾದ ಸೋಲಿಗರು ಕೊಡುವ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಹಿಂದೆ ಬೇಸಿಗೆ ಮೊದಲಾಗುವ ಹೊತ್ತಿಗೆ ಕಾಡಿನ ನೆಲದ ಮೇಲೆ ಬಿದ್ದ ಒಣ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಮೇಲೇರದೆ ನೆಲದಲ್ಲೇ ಹರಿದುಹೋಗುತ್ತಿದ್ದ ಆ ಬೆಂಕಿಯ ಕಾವಿಗೆ, ನೆಲ್ಲಿಮರದ ಕೊಂಬೆಯಲ್ಲಿ ಬೇರೂರಿ ರಸ ಹೀರುವ ಬದನಿಕೆ ಸಾಯುತ್ತಿತ್ತು. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಲಂಟಾನ ಎಂಬ ಕಳೆಪೊದೆಯ ಎಳೆಯ ಸಸಿಗಳೂ ಸುಟ್ಟುಹೋಗುತ್ತಿದ್ದವು. 1974ರಲ್ಲಿ ಕಾಡು ವನ್ಯಧಾಮವಾಯಿತು, ಬೆಂಕಿಗೆ ತಡೆ ಬಿತ್ತು. ಬೆಂಕಿ ನಿಂತಿತು, ಉಪ್ಪಿಲು ಉಳಿಯಿತು, ಮರ ಸೊರಗಿತು. ಕೆಳಗೆ ಲಂಟಾನ ಕವಿದುಕೊಂಡು ಹೊಸ ನೆಲ್ಲಿ ಸಸಿ ಮೇಲೆ ಬರಲಾಗಲಿಲ್ಲ. ನೆಲ್ಲಿ ಕಡಿಮೆಯಾಗಲು ಜನ ಕಾಯಿ ಕೀಳುವುದೇ ಕಾರಣ ಎಂಬ ವಾದ ಇನ್ನೊಂದು ಕಡೆ ಇತ್ತು. ಕಾಯಿ, ಜೇನು, ಪಾಚಿ ಸಂಗ್ರಹಕ್ಕೆ ಮುಂದೆ ನಿರ್ಬಂಧ ಬಂದದ್ದರ ಹಿಂದೆ ಇಂಥ ಆಲೋಚನೆಯೂ ಕೆಲಸ ಮಾಡಿತ್ತು. ಸೋಲಿಗರ ಈ ವಿವರಣೆಯನ್ನು ವಿಜ್ಞಾನದ ಪಕ್ಕದಲ್ಲಿಟ್ಟು ನೋಡಿದ ಅಧ್ಯಯನ ಪ್ರಕಟವಾದದ್ದು 2010ರಲ್ಲಿ. ಲಂಟಾನದ ಬಗ್ಗೆ ಅವರ ತಿಳಿವಳಿಕೆಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು.

ಈ ಉತ್ತರದ ಬೆಲೆ ಅದರ ಒಂದೊಂದು ಸಂಗತಿಯಲ್ಲಿಲ್ಲ. ಬೆಂಕಿ ನಿಷೇಧ ಯಾವ ವರ್ಷದ್ದು ಎಂಬುದು ಅರಣ್ಯ ಇಲಾಖೆಯ ಕಡತದಲ್ಲಿದೆ. ಬದನಿಕೆ ಪರಾವಲಂಬಿ ಎಂಬುದು ಸಸ್ಯಶಾಸ್ತ್ರದ ಪಠ್ಯದಲ್ಲಿದೆ. ನೆಲ್ಲಿಯ ಆವಕ ಎಷ್ಟೆಂಬುದು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳ ಲೆಕ್ಕದ ಪುಸ್ತಕದಲ್ಲಿರುತ್ತದೆ. ಮೂರನ್ನೂ ಓದಿದವನಿಗೆ ಉತ್ತರ ಸಿಕ್ಕಿಬಿಡುತ್ತದೆ ಎನ್ನಲಾಗದು, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಕೊಂಡಿ ಆ ಮೂರು ಕಾಗದಗಳ ಹೊರಗಿದೆ. ಇಂದಿನ ಕೃತಕ ಬುದ್ಧಿಮತ್ತೆಯ ಮಾತುಗಾರ ಯಂತ್ರಗಳು ಎಡವುವುದೂ ಬಹುಪಾಲು ಇಲ್ಲಿಯೇ. ಅವಕ್ಕೆ ಸಂಗತಿಗಳ ಬರ ಇಲ್ಲ. ಮೂರು ನಾಲ್ಕು ಸಂಗತಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವಾಗ ನಡುವಿನ ಒಂದು ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಮಾತಿನ ನಯದಲ್ಲಿ ಮುಚ್ಚಿಹೋಗುತ್ತದೆ. ಸಂಬಂಧಗಳನ್ನೇ ದಾಖಲೆಯಾಗಿ ಇಡುವ ಗ್ರಾಫ್ ಡೇಟಾಬೇಸ್ ಎಂಬ ವ್ಯವಸ್ಥೆ ಈ ದೋಷಕ್ಕೆ ಪೂರ್ತಿ ಮದ್ದಲ್ಲದಿದ್ದರೂ, ತಪ್ಪಿದ ಹೆಜ್ಜೆ ಯಾವುದೆಂದು ತೋರಿಸಬಲ್ಲದು. ಈ ಬೆಟ್ಟವಿರುವ, ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ಚಾಮರಾಜನಗರದಂಥ ಜಿಲ್ಲೆಗೆ ಅದು ಬೆಂಗಳೂರಿಗಿಂತ ಹೆಚ್ಚು ಬೇಕು ಎಂಬುದು ಈ ಲೇಖನದ ವಾದ.

ಈ ಯಂತ್ರಗಳ ಹಿಂದಿರುವ ಭಾಷಾ ಮಾದರಿ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡಬೇಕು. ಕೋಟ್ಯಂತರ ಪುಟಗಳನ್ನು ಅರಗಿಸಿಕೊಂಡು, ಇಲ್ಲಿಯವರೆಗೆ ಬಂದ ಮಾತಿನ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುತ್ತ ಅದು ವಾಕ್ಯ ಕಟ್ಟುತ್ತದೆ. ಓದಿದ್ದು ಅದರೊಳಗೆ ಅಂಕಿಗಳ ಮಹಾರಾಶಿಯಾಗಿ ಹರಡಿಕೊಂಡಿರುತ್ತದೆ. ಇಂಥ ಸಂಗತಿ ಇಂಥ ಕಡೆ ಇದೆ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇದರಿಂದಾಗುವ ಒಂದು ವಿಚಿತ್ರ ಫಲವನ್ನು 2023ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಪ್ರಸಿದ್ಧ ವ್ಯಕ್ತಿಗಳ ತಂದೆ ಅಥವಾ ತಾಯಿ ಯಾರು ಎಂದು ಕೇಳಿದಾಗ ಜಿಪಿಟಿ-4 ಎಂಬ ಮಾದರಿ ಶೇ. 79ರಷ್ಟು ಸರಿ ಹೇಳಿತು. ಅದೇ ತಂದೆತಾಯಿಯರ ಹೆಸರು ಕೊಟ್ಟು ಇವರ ಮಗ ಅಥವಾ ಮಗಳು ಯಾರು ಎಂದಾಗ ಸರಿಯುತ್ತರ ಶೇ. 33ಕ್ಕೆ ಇಳಿಯಿತು. ನಮ್ಮ ಕಡೆಯ ಹೆಸರಿನಲ್ಲಿ ಹೇಳುವುದಾದರೆ, ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಎಂದು ಬಲ್ಲವನಿಗೆ ಪುಟ್ಟಸ್ವಾಮಯ್ಯನವರ ಮಗ ಯಾರೆಂದು ತಿಳಿಯದೆ ಹೋದಂತೆ. ಮನುಷ್ಯರಲ್ಲಿ ಇಂಥ ಮರೆವು ಅಪರೂಪ. ಯಂತ್ರಕ್ಕೆ ಅವೆರಡೂ ಬೇರೆಬೇರೆ ವಾಕ್ಯಗಳು. ಒಂದೇ ಸಂಬಂಧದ ಎರಡು ತುದಿಗಳೆಂಬುದು ತಾನಾಗಿ ಹೊಳೆಯುವುದಿಲ್ಲ.

ಯಂತ್ರ ನೆನಪಿನಿಂದ ಹೇಳುವುದು ಬೇಡ, ಉತ್ತರಿಸುವ ಮುನ್ನ ದಾಖಲೆ ಹುಡುಕಿ ಓದಲಿ ಎಂಬ ಉಪಾಯ 2020ರ ಹೊತ್ತಿಗೆ ಬಂತು. ಅದನ್ನು ರಾಗ್ ಎನ್ನುತ್ತಾರೆ. ಕಡತಗಳನ್ನು ತುಂಡು ತುಂಡು ಮಾಡಿಟ್ಟು, ಪ್ರಶ್ನೆಗೆ ಅರ್ಥದಲ್ಲಿ ಹತ್ತಿರವಾದ ನಾಲ್ಕಾರು ತುಂಡುಗಳನ್ನು ಆರಿಸಿ ಮಾದರಿಯ ಮುಂದಿಡುವುದು ಇದರ ಕ್ರಮ. ಬಹಳಷ್ಟು ಕೆಲಸಕ್ಕೆ ಇದು ಸಾಕು. ಆದರೆ ಹತ್ತಿರ ಎಂಬುದನ್ನು ಅಳೆಯುವುದು ಮಾತಿನ ಹೋಲಿಕೆಯಿಂದ. ಇದೇ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಸಂಜೆ ಲಾರಿಗೆ ತುಂಬಿದ ತರಕಾರಿ ವಯನಾಡಿನ ಸುಲ್ತಾನ್ ಬತ್ತೇರಿಯ ಅಂಗಡಿಗೆ ಬೆಳಗಿನ ವ್ಯಾಪಾರಕ್ಕೆ ಏಕೆ ಮುಟ್ಟಲಿಲ್ಲ ಎಂದು ಕೇಳಿದರೆ, ತರಕಾರಿಯ ಬಗ್ಗೆ, ಬತ್ತೇರಿಯ ಬಗ್ಗೆ, ಲಾರಿ ಬಾಡಿಗೆಯ ಬಗ್ಗೆ ತುಂಡುಗಳು ಬರುತ್ತವೆ. ಆ ದಾರಿ ರಾಷ್ಟ್ರೀಯ ಹೆದ್ದಾರಿ 766, ಅದು ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ, ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ: ಈ ಮೂರನೆಯ ಮಾತಿನಲ್ಲಿ ತರಕಾರಿ ಎಂಬ ಶಬ್ದವೂ ಇಲ್ಲ, ಬತ್ತೇರಿಯೂ ಇಲ್ಲ. ಹುಲಿ, ಕಾಡು, ನ್ಯಾಯಾಲಯ ಎಂಬ ಮಾತುಗಳ ನಡುವೆ ಅದು ಬೇರೆಲ್ಲೋ ಕುಳಿತಿದೆ. ಹೋಲಿಕೆಯಿಂದ ಹುಡುಕುವವನಿಗೆ ಅದು ಸಿಗದು. ಊರಿನಿಂದ ದಾರಿಗೆ, ದಾರಿಯಿಂದ ಕಾಡಿಗೆ, ಕಾಡಿನಿಂದ ನಿಯಮಕ್ಕೆ ಎಂದು ಹೆಜ್ಜೆ ಹಾಕುವವನಿಗೆ ಮೂರೇ ದಾಟಿನಲ್ಲಿ ಸಿಗುತ್ತದೆ.

ಹಾಗೆ ಹೆಜ್ಜೆ ಹಾಕಲು ನೆಲ ಒದಗಿಸುವುದೇ ಗ್ರಾಫ್ ಡೇಟಾಬೇಸ್. ಇಲ್ಲಿ ಗ್ರಾಫ್ ಎಂದರೆ ಶಾಲೆಯಲ್ಲಿ ಚೌಕಳಿ ಹಾಳೆಯ ಮೇಲೆ ಎಳೆದ ಏರಿಳಿತದ ಗೆರೆಯಲ್ಲ. ಬಿಂದುಗಳು, ಅವುಗಳ ನಡುವಿನ ಕೊಂಡಿಗಳು, ಇಷ್ಟೇ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದೆಂದು ಸಾಧಿಸಿದಾಗ ಈ ಗಣಿತ ಹುಟ್ಟಿತು. ಅದನ್ನು ದತ್ತಾಂಶ ಸಂಗ್ರಹಕ್ಕೆ ತಂದವುಗಳಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ನಿಯೋ4ಜೆ ಎಂಬ ತಂತ್ರಾಂಶ ಹೆಸರಾದದ್ದು. ಅದರ ಮೊದಲ ಪೂರ್ಣ ಆವೃತ್ತಿ 2010ರದು. 2012ರಲ್ಲಿ ಗೂಗಲ್ ತನ್ನ ಹುಡುಕಾಟದ ಬೆನ್ನಿಗೆ ಬಿಂದು ಕೊಂಡಿಗಳ ಜ್ಞಾನಜಾಲವನ್ನು ನಿಲ್ಲಿಸಿತು. ಇಂಥ ಜಾಲಗಳನ್ನು ಪ್ರಶ್ನಿಸುವ ಭಾಷೆಗೆ 2024ರಲ್ಲಿ ಜಿಕ್ಯೂಎಲ್ ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಇದರ ಶಕ್ತಿ ಜಗತ್ತಿಗೆ ಚೆನ್ನಾಗಿ ಕಂಡದ್ದು 2016ರ ಪನಾಮಾ ಪೇಪರ್ಸ್ ಪ್ರಕರಣದಲ್ಲಿ. ಸೋರಿಕೆಯಾದ ಸುಮಾರು 1 ಕೋಟಿ 15 ಲಕ್ಷ ದಾಖಲೆಗಳನ್ನು ಪತ್ರಕರ್ತರು ಒಂದೊಂದಾಗಿ ಓದಿ ಮುಗಿಸುವಂತಿರಲಿಲ್ಲ. ಕಂಪನಿ, ನಿರ್ದೇಶಕ, ವಿಳಾಸ, ಮಧ್ಯವರ್ತಿ ಎಂದು ಬಿಂದುಗಳನ್ನು ಗುರುತಿಸಿ ನಿಯೋ4ಜೆಯಲ್ಲಿ ಕೊಂಡಿ ಹಾಕಿದ ಮೇಲೆ, ಕಾಗದದಲ್ಲಿ ಎಲ್ಲೂ ಒಟ್ಟಿಗೆ ಕಾಣಿಸಿಕೊಳ್ಳದ ಇಬ್ಬರ ನಡುವಿನ ದಾರಿ ತೆರೆಯ ಮೇಲೆ ಮೂಡತೊಡಗಿತು.

ಭಾಷಾ ಮಾದರಿಯನ್ನು ಇಂಥ ಜಾಲಕ್ಕೆ ಜೋಡಿಸಿದಾಗ ಕೆಲಸ ಎರಡು ಪಾಲಾಗುತ್ತದೆ. ಮನುಷ್ಯ ಕೇಳಿದ್ದನ್ನು ಅರ್ಥ ಮಾಡಿಕೊಂಡು ಜಾಲಕ್ಕೆ ತಿಳಿಯುವ ಪ್ರಶ್ನೆಯಾಗಿ ಬರೆಯುವುದು, ಸಿಕ್ಕಿದ್ದನ್ನು ಮತ್ತೆ ಮನುಷ್ಯರ ಮಾತಿನಲ್ಲಿ ಹೇಳುವುದು ಮಾದರಿಯ ಪಾಲು. ಸಂಬಂಧ ಇದೆಯೋ ಇಲ್ಲವೋ ಎಂಬ ತೀರ್ಮಾನ ಜಾಲದ ಪಾಲು. ಉತ್ತರದ ಜೊತೆಗೆ ನಡೆದುಬಂದ ದಾರಿಯೂ ಸಿಗುತ್ತದೆ. ಮೈಕ್ರೋಸಾಫ್ಟ್ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಗ್ರಾಫ್‌ರಾಗ್ ಇದರ ಇನ್ನೊಂದು ಬಗೆ. ಅಲ್ಲಿ ಕಡತಗಳನ್ನು ಓದಿ ಬಿಂದು ಕೊಂಡಿಗಳನ್ನು ಹೆಕ್ಕುವ ಕೆಲಸವನ್ನೂ ಮಾದರಿಯೇ ಮಾಡುತ್ತದೆ, ಒತ್ತೊತ್ತಾಗಿ ಹೆಣೆದುಕೊಂಡ ಬಿಂದುಗಳ ಗುಂಪಿಗೊಂದು ಸಾರಾಂಶ ಬರೆದಿಡುತ್ತದೆ. ಒಂದು ಇಡೀ ಕಡತರಾಶಿ ಏನು ಹೇಳುತ್ತಿದೆ ಎಂಬಂಥ ಅಗಲದ ಪ್ರಶ್ನೆಗೆ ಅದು ಹೊಂದುತ್ತದೆ.

ಈಗ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರನ್ನು ಊಹಿಸಿಕೊಳ್ಳಿ. ಪಿತ್ರಾರ್ಜಿತ ಜಮೀನಿನ ಪಹಣಿ 1998ರಲ್ಲಿ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದೆ. ಗಂಡುಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಿದ್ದಾರೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ತನಗೂ ಪಾಲುಂಟೇ ಎಂದು ಮೊಬೈಲಿನ ಚಾಟ್‌ಬಾಟನ್ನು ಕೇಳುತ್ತಾಳೆ. ದಿನವೂ ನಾಡಕಚೇರಿಯ ಮುಂದೆ ಹುಟ್ಟುವ ಪ್ರಶ್ನೆ ಇದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕಾಶ್ ವಿರುದ್ಧ ಫೂಲಾವತಿ ಮೊಕದ್ದಮೆಯಲ್ಲಿ, ಆ ದಿನ ತಂದೆ ಬದುಕಿರಬೇಕಿತ್ತು ಎಂದು 2015ರಲ್ಲಿ ತೀರ್ಪಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿದ್ದನೇ ಎಂಬುದು ಮುಖ್ಯವಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರ ಇದ್ದರೆ ಅದನ್ನು ಕೆದಕುವಂತಿಲ್ಲ. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪುವಂತಿಲ್ಲ. ಇಲ್ಲಿ ಹೋಲಿಕೆಯಿಂದ ಹುಡುಕುವ ಯಂತ್ರದ ಪಾಡು ನೋಡಿ. ಎರಡು ತೀರ್ಪುಗಳೂ ಒಂದೇ ಸೆಕ್ಷನ್, ಒಂದೇ ಶಬ್ದಗಳು, ಒಂದೇ ನ್ಯಾಯಾಲಯ. ಪ್ರಶ್ನೆಗೆ ಎರಡೂ ಸಮಸಮ ಹತ್ತಿರ. ಹಳೆಯದನ್ನು ಎತ್ತಿಕೊಂಡರೆ ಮಗಳಿಗೆ ಪಾಲಿಲ್ಲ ಎಂದು ಬಲು ಸೊಗಸಾಗಿ ಬರೆದುಕೊಡುತ್ತದೆ. ಜಾಲದಲ್ಲಿ ಒಂದು ತೀರ್ಪಿನಿಂದ ಇನ್ನೊಂದಕ್ಕೆ 'ತಳ್ಳಿಹಾಕಿತು' ಎಂಬ ಕೊಂಡಿಯಿದ್ದರೆ ಹಳೆಯದರ ಮೇಲೆ ನಿಲ್ಲಲು ದಾರಿಯೇ ಇರುವುದಿಲ್ಲ. ಜಮೀನಿನಿಂದ ಖಾತೆದಾರನಿಗೆ, ಅವನಿಂದ ವಂಶವೃಕ್ಷದ ಮೂಲಕ ಮಗಳಿಗೆ, ನೋಂದಾಯಿತ ವಿಭಾಗ ಇದೆಯೇ ಎಂಬ ಕವಲಿಗೆ, ಅಲ್ಲಿಂದ ಜಾರಿಯಲ್ಲಿರುವ ತೀರ್ಪಿಗೆ: ಒಂದೊಂದು ದಾಟಿಗೂ ಒಂದೊಂದು ಕಾಗದದ ಆಧಾರ.

ಕಂದಾಯ ದಾಖಲೆ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಭೂಮಿ ಯೋಜನೆ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಸಾಲು ಕಾಲಮ್ಮುಗಳ ಸಾಮಾನ್ಯ ಕೋಷ್ಟಕದಲ್ಲೇ ಅದು ನಡೆದುಬಂದಿದೆ. ಹೊಸ ಬಗೆಯ ಡೇಟಾಬೇಸ್ ಏಕೆ? ಈ ಮಾತಿನಲ್ಲಿ ಹುರುಳಿದೆ. ಸರ್ವೆ ನಂಬರ್ ಕೊಟ್ಟು ಖಾತೆದಾರನ ಹೆಸರು ಕೇಳುವುದಕ್ಕೆ ಕೋಷ್ಟಕಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸಾದಾ ರಾಗ್ ಮತ್ತು ಗ್ರಾಫ್ ಸೇರಿದ ರಾಗ್ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿಯೂ ಒಂದೇ ದಾಟಿನ ಪ್ರಶ್ನೆಗೆ ಸಾದಾ ವಿಧಾನವೇ ಸಮ ನಿಂತಿದೆ, ಎಷ್ಟೋ ಸಲ ಮೇಲಾಗಿದೆ. ಗ್ರಾಫ್ ಗೆಲ್ಲುವುದು ಹಲವು ದಾಟಿನ ಪ್ರಶ್ನೆಯಲ್ಲಿ. ಎಲ್ಲದಕ್ಕೂ ಜಾಲ ಹೆಣೆಯಿರಿ ಎಂದು ಮಾರಾಟಕ್ಕೆ ಬರುವವರ ಮಾತನ್ನು ಈ ಕಾರಣಕ್ಕೆ ಸ್ವಲ್ಪ ಸೋಸಿ ಕೇಳಬೇಕು. ಆದರೆ ವಂಶವೃಕ್ಷ ಎಷ್ಟು ತಲೆಮಾರು ಇಳಿಯುತ್ತದೆ, ಹಿಸ್ಸಾ ಎಷ್ಟು ಸಲ ಒಡೆದಿದೆ, ಪೋಡಿಯಾಗದೆ ಉಳಿದ ತುಂಡು ಯಾರ ಕ್ರಯಪತ್ರದಲ್ಲಿ ಸೇರಿದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಎಷ್ಟು ಹೆಜ್ಜೆ ಎಂದು ತಿಳಿಯದ ಹುಡುಕಾಟದಲ್ಲಿ ಕೋಷ್ಟಕಕ್ಕೆ ಕೋಷ್ಟಕ ಹೊಂದಿಸುತ್ತ ಹೋಗುವ ಕೆಲಸ ಬೆಳೆಯುತ್ತಲೇ ಹೋಗುತ್ತದೆ. ಪಹಣಿ ಒಂದು ಇಲಾಖೆಯಲ್ಲಿ, ನೋಂದಣಿ ಇನ್ನೊಂದರಲ್ಲಿ, ತೀರ್ಪು ಮತ್ತೊಂದು ಕಡೆ ಇರುವಾಗ ಕೋಷ್ಟಕಗಳನ್ನು ಕಿತ್ತುಹಾಕದೆ ಅವುಗಳ ಮೇಲೆಯೇ ಸಂಬಂಧದ ಪದರವೊಂದನ್ನು ಹಾಸಬಹುದು.

ಇನ್ನೊಂದು ಆಕ್ಷೇಪ ತಂತ್ರಜ್ಞರದು. ಮಾದರಿಗಳು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿವೆ, ಇಡೀ ಕಡತವನ್ನು ಒಟ್ಟಿಗೆ ಓದಬಲ್ಲವು, ಜಾಲ ಕಟ್ಟುವ ಶ್ರಮ ನಾಳೆ ವ್ಯರ್ಥವಾದೀತು ಎನ್ನುತ್ತಾರೆ. 2022ರಲ್ಲಿ ಜಿಪಿಟಿ-3 ಸರಣಿಯ ಮೇಲೆ ನಡೆದ ಒಂದು ಪರೀಕ್ಷೆ ಈ ಭರವಸೆಗೆ ಕಡಿವಾಣ ಹಾಕುತ್ತದೆ. ಬೇಕಾದ ಎರಡು ಸಂಗತಿಗಳೂ ಬಿಡಿಯಾಗಿ ಮಾದರಿಗೆ ಗೊತ್ತಿದ್ದಾಗಲೂ ಅವನ್ನು ಕೂಡಿಸಿ ಹೇಳಬೇಕಾದ ಪ್ರಶ್ನೆಗಳಲ್ಲಿ ಸುಮಾರು ಶೇ. 40ರಷ್ಟು ಕಡೆ ಅದು ಸೋತಿತು. ಮಾದರಿ ದೊಡ್ಡದಾದಂತೆ ಬಿಡಿ ಸಂಗತಿಗಳ ನೆನಪು ಬೆಳೆಯಿತು, ಕೂಡಿಸುವ ಕೊರತೆ ಅಷ್ಟೇ ಉಳಿಯಿತು. ಹೆಜ್ಜೆಹೆಜ್ಜೆಯಾಗಿ ತನ್ನನ್ನೇ ಕೇಳಿಕೊಂಡು ಉತ್ತರಿಸು ಎಂದು ಹೇಳಿಕೊಟ್ಟಾಗ ಆ ಕೊರತೆ ತಗ್ಗಿತು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಈಚಿನ ಮಾದರಿಗಳು ಆ ರೂಢಿಯನ್ನು ಚೆನ್ನಾಗಿ ಕಲಿತಿವೆ. ನಾಳೆ ಇನ್ನೂ ಕಲಿಯಲಿ. ಆದರೆ ಸರಿಯಾಗಿ ಹೇಳಿದರೆ ಸಾಲದ ಜಾಗಗಳಿವೆ. ತಹಶೀಲ್ದಾರರ ಆದೇಶ ಒಪ್ಪದವರು ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಹಾಕುತ್ತಾರೆ, ಅಲ್ಲಿ ಯಂತ್ರ ಹೀಗೆಂದಿತು ಎಂಬ ಮಾತಿಗೆ ಕಿಮ್ಮತ್ತಿಲ್ಲ. ಯಾವ ಮ್ಯುಟೇಷನ್, ಯಾವ ದಿನಾಂಕ, ಯಾವ ತೀರ್ಪು ಎಂದು ಒಂದೊಂದನ್ನೂ ತೋರಿಸಬೇಕು. ಮಾದರಿ ತಾನೇ ಬರೆದುಕೊಡುವ ಕಾರಣಮಾಲೆ ಅದರ ನಿಜವಾದ ಲೆಕ್ಕಾಚಾರವೇ ಆಗಿರಬೇಕೆಂದಿಲ್ಲ. ಉತ್ತರ ಮೊದಲಾಗಿ ಕಾರಣ ಆಮೇಲೆ ಹುಟ್ಟಿರಬಹುದು. ಜಾಲದ ದಾರಿಯಲ್ಲಿ ಆ ಅನುಮಾನಕ್ಕೆ ಎಡೆ ಕಡಿಮೆ, ಏಕೆಂದರೆ ಕೊಂಡಿ ಇಲ್ಲದಿದ್ದರೆ ಹೆಜ್ಜೆ ಇಡಲಾಗದು.

ಸಂಬಂಧವನ್ನೇ ಸಾಕ್ಷಿಯಾಗಿ ಮುಂದಿಟ್ಟು ಗೆದ್ದ ಉದಾಹರಣೆ ಚಾಮರಾಜನಗರ ಜಿಲ್ಲೆಯಲ್ಲೇ ಇದೆ, ಅದೂ ಯಾವ ಗಣಕದ ಜಾಲವೂ ಇಲ್ಲದೆ. ಸೋಲಿಗರ ಕುಲಕುಲಕ್ಕೂ ಕಾಡಿನಲ್ಲಿ ತಮ್ಮತಮ್ಮ ಎಲ್ಲೆಗಳಿವೆ. ಪ್ರತಿ ಎಲ್ಲೆಗೂ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ಹಿರಿಯರನ್ನು ನೆನೆಯುವ ಕಲ್ಲುಗುಡಿ, ಒಂದು ನೀರಿನ ಅಬ್ಬಿ ಸೇರಿರುತ್ತವೆ. ಬೆಟ್ಟದ ರಂಗಸ್ವಾಮಿಯನ್ನೇ ಭಾವನೆಂದು ಕರೆಯುವ ಜನ ಇವರು. ದೇವರನ್ನೂ ನಂಟಸ್ತಿಕೆಯೊಳಗೆ ಎಳೆದುಕೊಂಡವರಿಗೆ ಕಾಡಿನ ಒಂದೊಂದು ತಾಣವೂ ಯಾರದೋ ನಂಟಿನ ತಾಣವಾಗಿರುವುದು ಸಹಜ. ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯವರ ಜೊತೆ ಸೇರಿ ಹಿರಿಯರು ಇಂಥ ನೂರಾರು ತಾಣಗಳನ್ನು ನಡೆದು ಗುರುತಿಸಿ ನಕ್ಷೆ ಮಾಡಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳಿದಾಗ ಆ ನಕ್ಷೆ ಒತ್ತಾಸೆಯಾಯಿತು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇದು ಅಪರೂಪದ ಘಟನೆ. ತಾಣಗಳ ಬರಿಯ ಪಟ್ಟಿ ಕೊಟ್ಟಿದ್ದರೆ ಅದು ಸ್ಥಳನಾಮಗಳ ಪಟ್ಟಿಯಾಗಿಯೇ ಉಳಿಯುತ್ತಿತ್ತು. ಈ ಕುಲ, ಈ ಎಲ್ಲೆ, ಈ ಕಲ್ಲುಗುಡಿ ಎಂಬ ಮೂರರ ಕೊಂಡಿ ಅದನ್ನು ವಾಸದ ಪುರಾವೆಯಾಗಿಸಿತು.

ಹಾಗೆಂದು ಕೊಂಡಿ ಹಾಕುವುದು ಸುಲಭವಲ್ಲ. ಮನುಷ್ಯರ ಸಾಮಾನ್ಯ ಜ್ಞಾನವನ್ನೆಲ್ಲ ಕೈಯಾರೆ ಬರೆದಿಡಲು 1984ರಲ್ಲಿ ಅಮೆರಿಕದಲ್ಲಿ ಶುರುವಾದ ಸೈಕ್ ಎಂಬ ಯೋಜನೆ ದಶಕಗಟ್ಟಲೆ ನಡೆದರೂ ಮುಗಿಯಲಿಲ್ಲ. ಹೆಕ್ಕುವ ಕೆಲಸವನ್ನು ಭಾಷಾ ಮಾದರಿಗೇ ಬಿಟ್ಟರೆ ಬೇಗ ಆಗುತ್ತದೆ, ತಪ್ಪೂ ಬೇಗ ಸೇರುತ್ತದೆ. ಮೊದಲ ತೊಡಕು ಹೆಸರಿನದು. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಇಂದು ವಿಜಯಪುರ ಎಂದರೆ 2014ರಲ್ಲಿ ಹೆಸರು ಬದಲಾದ ಬಿಜಾಪುರ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ಚಾಮರಾಜನಗರ 1818ರವರೆಗೆ ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರಿಟ್ಟರು. 1997ಕ್ಕೆ ಹಿಂದಿನ ಯಾವ ಕಾಗದ ತೆರೆದರೂ ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಮೈಸೂರು ಜಿಲ್ಲೆ. ಹಳೆಯ ಶಾಸನವೊಂದರ ವಿಜಯಪುರವನ್ನು ಯಂತ್ರ ಆದಿಲ್‌ಶಾಹಿಗಳ ಊರಿಗೆ ಕಟ್ಟಿಬಿಟ್ಟರೆ, ಆ ಬಿಂದುವಿನಿಂದ ಹೊರಟ ದಾರಿಗಳೆಲ್ಲ ತಪ್ಪುತ್ತವೆ. ತಪ್ಪು ವಾಕ್ಯ ಒಂದು ಉತ್ತರವನ್ನು ಕೆಡಿಸುತ್ತದೆ, ತಪ್ಪು ಕೊಂಡಿ ತನ್ನ ಮೇಲೆ ಹಾಯುವ ಎಲ್ಲ ಉತ್ತರಗಳನ್ನೂ ಕೆಡಿಸುತ್ತದೆ. ಇದು ಗ್ರಾಫಿನ ನಿಜವಾದ ದೌರ್ಬಲ್ಯ, ಅಡಗಿಸಿಡುವಂಥದ್ದಲ್ಲ. ಇದರ ಇನ್ನೊಂದು ಮುಖವೆಂದರೆ ಆ ಕೊಂಡಿಯನ್ನು ಒಮ್ಮೆ ತಿದ್ದಿದರೆ ಅಷ್ಟೂ ಉತ್ತರ ತಿದ್ದಿಹೋಗುತ್ತವೆ. ಭಾಷಾ ಮಾದರಿಯ ಒಳಗೆ ಕುಳಿತ ತಪ್ಪನ್ನು ಹಾಗೆ ಹೆಕ್ಕಿ ತೆಗೆಯುವುದು ಇನ್ನೂ ಕಷ್ಟದ ಕೆಲಸ. ಊರಿನ ಶಾಲೆಯ ಮೇಷ್ಟರೋ ಗ್ರಾಮ ಪಂಚಾಯಿತಿಯ ಗ್ರಂಥಪಾಲಕರೋ ಇದು ನಮ್ಮ ಊರಲ್ಲ ಎಂದು ಹೇಳಿ ಕೊಂಡಿ ಕಳಚಬಹುದು ಎಂಬುದು ಸಣ್ಣ ಅನುಕೂಲವೇನಲ್ಲ.

ಆಳದ ಆಕ್ಷೇಪ ಬೇರೆಯೇ ಇದೆ: ಬದುಕಿನ ಅರಿವು ಬಿಂದು ಕೊಂಡಿಗಳಿಗೆ ಒಗ್ಗುವುದೇ? ತರಗು ಬೆಂಕಿ ಉಪ್ಪಿಲನ್ನು ಕೊಲ್ಲುತ್ತದೆ, ಉಪ್ಪಿಲು ನೆಲ್ಲಿಯನ್ನು ಕೊಲ್ಲುತ್ತದೆ ಎಂದು ಎರಡು ಬಾಣದ ಗುರುತು ಹಾಕಿದರೆ ಯಂತ್ರ ಥಟ್ಟನೆ ಸಲಹೆ ಕೊಟ್ಟೀತು, ಕಾಡಿಗೆ ಬೆಂಕಿ ಹಾಕಿ ಎಂದು. ಅದು ಅನಾಹುತದ ಸಲಹೆ. ನೆಲದಲ್ಲಿ ಹುಲ್ಲು, ತರಗೆಲೆ ಮಾತ್ರ ಇದ್ದ ಕಾಲದ ಬೆಂಕಿ ಬೇರೆ, ಆಳೆತ್ತರದ ಲಂಟಾನ ಒಣಗಿ ನಿಂತಿರುವ ಈಗಿನ ಬೆಂಕಿ ಬೇರೆ. ಈಗ ಅದು ಪೊದೆ ಹತ್ತಿ ಮರದ ತಲೆಗೇ ಏರುತ್ತದೆ. ಬಂಡೀಪುರದಲ್ಲಿ 2019ರ ಫೆಬ್ರುವರಿಯಲ್ಲಿ ಕಾಡು ಉರಿದದ್ದನ್ನು ಗುಂಡ್ಲುಪೇಟೆಯ ಜನ ಕಣ್ಣಾರೆ ಕಂಡಿದ್ದಾರೆ. ಹಾಗಾದರೆ ಸೋಲಿಗರ ಮಾತು ಸುಳ್ಳೇ? ಅವರ ಮಾತಿನಲ್ಲಿ ಕಾಲ ಇತ್ತು, ಋತು ಇತ್ತು, ಎಷ್ಟು ಎತ್ತರದ ಬೆಂಕಿ ಎಂಬ ಅಳತೆ ಇತ್ತು. ಬಾಣದ ಗುರುತಿಗೆ ಇಳಿಸುವಾಗ ಅವೆಲ್ಲ ಉದುರಿಹೋದವು. ಈಚಿನ ಗ್ರಾಫ್ ಡೇಟಾಬೇಸ್‌ಗಳಲ್ಲಿ ಕೊಂಡಿಗೂ ಮೈತುಂಬ ವಿವರ ಹೊರಿಸಲು ಬರುತ್ತದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ನಿಜ, ಯಾವ ತಿಂಗಳಲ್ಲಿ, ಲಂಟಾನ ಎಷ್ಟಿದ್ದಾಗ, ಹೇಳಿದವರು ಯಾರು, ಅಳೆದು ನೋಡಿದವರಿದ್ದಾರೆಯೇ ಎಂಬುದನ್ನೆಲ್ಲ ಸಂಬಂಧದ ಜೊತೆಗೇ ಇಡಬಹುದು. ಕಾಯಿ ಕೀಳುವುದರಿಂದ ನೆಲ್ಲಿ ಕುಗ್ಗಿತು ಎಂಬ ಕೊಂಡಿ, ಬೆಂಕಿ ನಿಂತದ್ದರಿಂದ ಕುಗ್ಗಿತು ಎಂಬ ಕೊಂಡಿ ಎರಡೂ ಅಕ್ಕಪಕ್ಕದಲ್ಲಿ, ತಂತಮ್ಮ ಆಧಾರದ ಸಮೇತ ಇರಬಹುದು. ಯಂತ್ರ ಎರಡನ್ನೂ ಹೇಳಿ ಇಲ್ಲಿ ಭಿನ್ನಾಭಿಪ್ರಾಯವಿದೆ ಎಂದರೆ ಅದು ಸೋಲಲ್ಲ. ಅರಣ್ಯಾಧಿಕಾರಿಗೆ ಬೇಕಾದ ಉತ್ತರವೇ ಅದು. ಕಾಲ ಮತ್ತು ಆಧಾರವಿಲ್ಲದ ಕೊಂಡಿಗಳ ಜಾಲ ಮಾತ್ರ ಜಾಲವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಊಹೆಗೆ ಪುರಾವೆಯ ವೇಷ ತೊಡಿಸುತ್ತದೆ.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. ಇಂಗ್ಲಿಷಿನಲ್ಲಿ ಒಂದೇ ಸಂಗತಿ ಸಾವಿರ ಕಡೆ ಸಾವಿರ ರೀತಿಯಲ್ಲಿ ಬರೆದಿರುವುದರಿಂದ ಮಾದರಿಗೆ ಆ ಸಂಬಂಧ ಹೇಗೋ ಗಟ್ಟಿಯಾಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿಯ ಕೆರೆಯೊಂದಕ್ಕೆ ಯಾವ ಕಾಲುವೆಯ ನೀರು ಬರುತ್ತದೆ ಎಂಬುದು ಕನ್ನಡದಲ್ಲಿ ಒಂದು ಕಡೆ, ಒಂದೇ ಸಲ, ಯಾವುದೋ ಟೆಂಡರ್ ಪ್ರಕಟಣೆಯ ಮೂಲೆಯಲ್ಲಿ ಬಂದಿರುತ್ತದೆ. ಸಂಖ್ಯಾಬಲದಿಂದ ಕಲಿಯುವ ಯಂತ್ರಕ್ಕೆ ಒಂದು ಸಲ ಬಂದದ್ದು ಇಲ್ಲದ್ದಕ್ಕೆ ಸಮ. ಜಾಲಕ್ಕೆ ಹಾಗಲ್ಲ: ಒಮ್ಮೆ ಬರೆದ ಕೊಂಡಿ ಸಾವಿರ ಸಲ ಬರೆದದ್ದಕ್ಕೆ ಸಮ. ಚಿಕ್ಕ ಜಿಲ್ಲೆಗಳಿಗೆ, ಕಡಿಮೆ ಬರಹವಿರುವ ನುಡಿಗಳಿಗೆ ಇದರಿಂದ ಸಿಗುವ ಲಾಭ ಹೆಚ್ಚು ಎನ್ನುವುದು ಈ ಕಾರಣಕ್ಕೆ.

ಆ ಲಾಭದ ಜೊತೆಗೇ ಅಪಾಯವೂ ಬರುತ್ತದೆ. ಬಿಡಿಬಿಡಿಯಾಗಿದ್ದಾಗ ನಿರುಪದ್ರವಿಯಾದ ಮಾಹಿತಿ ಕೂಡಿಸಿದಾಗ ಬೇರೆಯೇ ಆಗುತ್ತದೆ. ರೈತನ ಗುರುತು, ಸರ್ವೆ ನಂಬರ್, ಬ್ಯಾಂಕ್ ಖಾತೆಗಳನ್ನು ಹೊಂದಿಸಿರುವ ಫ್ರೂಟ್ಸ್, ಮನೆಮಂದಿಯ ವಿವರವನ್ನು ಒಟ್ಟಿಗೆ ತರುವ ಕುಟುಂಬ ತಂತ್ರಾಂಶ ರಾಜ್ಯದಲ್ಲಿ ಆಗಲೇ ಇವೆ. ಇವುಗಳ ಮೇಲೆ ಮಾತನಾಡುವ ಯಂತ್ರವೊಂದನ್ನು ಕೂರಿಸಿದರೆ ಪೌತಿ ಖಾತೆ ಬೇಗ ಆಗಬಹುದು, ಸಾಲ ಕೊಡುವವನಿಗೆ ಯಾವ ಮನೆಯಲ್ಲಿ ಜಗಳವಿದೆ, ಯಾವ ಜಮೀನು ಅಗ್ಗಕ್ಕೆ ಸಿಕ್ಕೀತು ಎಂಬುದೂ ತಿಳಿದುಬಿಡಬಹುದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಆದರೆ ನಾನು ಒಪ್ಪಿ ಕೊಟ್ಟದ್ದು ನನ್ನ ಹೆಸರು, ನನ್ನ ಜಮೀನು. ಅವೆರಡನ್ನೂ ನನ್ನ ತಂಗಿಯ ಮದುವೆಗೆ ಹೊಂದಿಸಿದಾಗ ಹುಟ್ಟುವ ಹೊಸ ಅರಿವಿಗೆ ಒಪ್ಪಿಗೆ ಕೊಟ್ಟವರು ಯಾರು ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಕಾಡಿನ ಅರಿವಿನ ಮಟ್ಟಿಗೆ ಕಾನೂನು ಇದಕ್ಕಿಂತ ಸ್ಪಷ್ಟವಾಗಿದೆ. ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಬೌದ್ಧಿಕ ಹಕ್ಕಿದೆ ಎಂದು ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಬರೆಯುವ ಜನತಾ ಜೀವವೈವಿಧ್ಯ ದಾಖಲಾತಿಗೂ ಸ್ಥಳೀಯ ಸಮಿತಿಯೇ ಹೊಣೆ. ಯಾವ ಮರಕ್ಕೆ ಹೆಜ್ಜೇನು ಕಟ್ಟುತ್ತದೆ, ಯಾವ ಬೇರು ಯಾವ ಕಾಯಿಲೆಗೆ ಎಂಬ ಕೊಂಡಿಗಳನ್ನು ಜಾಲಕ್ಕೆ ಸೇರಿಸಬೇಕೇ, ಸೇರಿಸಿದರೂ ಯಾರಿಗೆ ತೋರಿಸಬೇಕು ಎಂಬುದು ಗ್ರಾಮಸಭೆಯ ತೀರ್ಮಾನವಾಗಬೇಕು. ತಾಂತ್ರಿಕವಾಗಿ ಇದು ಕಷ್ಟವೇನಲ್ಲ, ಏಕೆಂದರೆ ಅನುಮತಿಯೂ ಒಂದು ಸಂಬಂಧವೇ. ಕಾಲ, ಋತು, ಆಧಾರಗಳ ಹಾಗೆ ಯಾರು ಇಲ್ಲಿ ದಾಟಬಹುದು ಎಂಬುದನ್ನೂ ಕೊಂಡಿಯ ಮೇಲೇ ಬರೆಯಬಹುದು, ಬರೆದಾಗ ಯಂತ್ರ ಅಲ್ಲಿಗೆ ಬಂದು ನಿಲ್ಲುತ್ತದೆ. ನಿಂತ ಮೇಲೆ ಅದು, ಮುಂದೆ ದಾರಿಯಿದೆ, ನನಗೆ ಅನುಮತಿಯಿಲ್ಲ, ಇಂಥ ಹಾಡಿಯ ಗ್ರಾಮಸಭೆಯನ್ನು ಕೇಳಿ ಎಂದು ಹೇಳುವಂತೆ ಮಾಡುವುದು ಕಟ್ಟುವವರ ಕೆಲಸ. ಈಗಿನ ಮಾದರಿಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಖಾಲಿ ಬಿಟ್ಟ ಜಾಗವನ್ನು ಊಹೆಯಿಂದ ತುಂಬಿಬಿಡುತ್ತವೆ.